ವನ್ಸ್ ಮೋರ್ ಅಂದರೆ ಪರದೆಗೆ ಕೇಳಿಸುತ್ತಾ?

ಗುಬ್ಬಿ ಕಡೆಯ ಒಂದು ಹಳ್ಳಿ. ಕುರುಕ್ಷೇತ್ರ ನಾಟಕ. ರಾತ್ರಿ ಎರಡು ದಾಟಿತ್ತು. ಕೃಷ್ಣನ ಪಾತ್ರ ಮಾಡಿದ್ದವರು ಹಗಲು ಹೊತ್ತು ಕೊಬ್ಬರಿ ವ್ಯಾಪಾರ ಮಾಡುವವರು. ಮೂರು ತಿಂಗಳು ದಿನಾ ಸಂಜೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಪದ ಕಲಿತಿದ್ದರು. ಮೊದಲೆಲ್ಲ ಬಣ್ಣದ ಸೀನರಿ ಇಳಿಬಿಡುತ್ತಿದ್ದ ಜಾಗದಲ್ಲಿ ಆ ವರ್ಷ ಎಲ್‌ಇಡಿ ಪರದೆ ನಿಂತಿತ್ತು. ವಿಶ್ವರೂಪದ ಸೀನ್ ಬಂತು. ಪರದೆಯ ಮೇಲೆ ನೂರಾರು ತಲೆ, ನೂರಾರು ಕೈ, ಬೆಂಕಿ, ಸುತ್ತುವ ಗ್ರಹಗಳು. ಮುಂದೆ ಕೂತಿದ್ದ ಅಜ್ಜಿಯರು ಕೈ ಮುಗಿದರು. ಕೃಷ್ಣ ಹಾಡತೊಡಗಿದರು. ಗಂಟಲು ಕಟ್ಟಿತ್ತು, ಆದರೂ ಮೇಲಿನ ಷಡ್ಜ ಹಿಡಿದು ನಿಂತರು. ಯಾರೋ ‘ವನ್ಸ್ ಮೋರ್’ ಅಂದರು. ಅಷ್ಟರಲ್ಲಿ ವಿಡಿಯೊ ಮುಗಿಯಿತು. ವಿಶ್ವರೂಪ ಮಾಯವಾಗಿ ಪರದೆ ತುಂಬ ಲ್ಯಾಪ್‌ಟಾಪಿನ ಫೋಲ್ಡರುಗಳು ಕಂಡವು. ಆ ನೀಲಿ ಬೆಳಕಿನಲ್ಲೇ ನಿಂತು ಕೃಷ್ಣ ಪದ ಪೂರ್ತಿ ಹಾಡಿದರು. ಜನ ಕೇಳಿದರು ಅಂತ ಎರಡನೇ ಸಲವೂ ಹಾಡಿದರು. ಮೇಷ್ಟ್ರು ಅವರ ದನಿಯ ಹಿಂದೆಯೇ ಇದ್ದರು. ಪರದೆ ಮಾತ್ರ ಜೊತೆ ಬಿಟ್ಟಿತ್ತು.

ವರ್ಚುವಲ್ ರಿಯಾಲಿಟಿ, ಮಿಕ್ಸೆಡ್ ರಿಯಾಲಿಟಿ ಸಂಗೀತದೊಳಗೆ ಬರುತ್ತಿರುವ ಬಗ್ಗೆ ಏನೇ ಓದಿದರೂ ನನಗೆ ಆ ರಾತ್ರಿ ನೆನಪಾಗುತ್ತದೆ. ಹಾಡುವವರು ನಿಂತರೆ ಯಂತ್ರ ನಿಲ್ಲುತ್ತಾ? ಅವರು ಎಳೆದರೆ ಅದೂ ಎಳೆಯುತ್ತಾ? ಎಷ್ಟು ಪಿಕ್ಸೆಲ್, ಎಷ್ಟು ಬೆಲೆ, ಯಾವ ಕಂಪನಿ ಅನ್ನುವುದೆಲ್ಲ ಆಮೇಲಿನ ಮಾತು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಲೆಗಳಿಗೆ ಈ ತಂತ್ರಜ್ಞಾನ ಒಗ್ಗುತ್ತದೋ ಇಲ್ಲವೋ ಅನ್ನುವುದು ಈ ಒಂದು ಪ್ರಶ್ನೆಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ವರ್ಚುವಲ್ ರಿಯಾಲಿಟಿ ಅಂದರೆ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಎದುರಿನ ಲೋಕವನ್ನು ಪೂರ್ತಿ ಮುಚ್ಚುವುದು. ತಲೆ ಯಾವ ಕಡೆ ತಿರುಗಿಸಿದರೂ ಕಂಪ್ಯೂಟರ್ ಕಟ್ಟಿದ ಲೋಕವೇ ಕಾಣುತ್ತದೆ. ಮಿಕ್ಸೆಡ್ ರಿಯಾಲಿಟಿಯಲ್ಲಿ ಹಾಗಲ್ಲ. ನಿಮ್ಮ ಮನೆ, ನಿಮ್ಮ ಅಂಗಳ, ಪಕ್ಕದಲ್ಲಿ ಕೂತವರು ಎಲ್ಲರೂ ಕಾಣುತ್ತಿರುತ್ತಾರೆ. ಅವರ ನಡುವೆ ಇಲ್ಲದ್ದೊಂದು ಬಂದು ನಿಲ್ಲುತ್ತದೆ. 1994ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ಫ್ಯೂಮಿಯೊ ಕಿಶಿನೊ ಇದನ್ನು ಒಂದು ಗೆರೆಯ ಹಾಗೆ ವಿವರಿಸಿದರು. ಒಂದು ತುದಿಯಲ್ಲಿ ನಿಜ ಲೋಕ, ಇನ್ನೊಂದು ತುದಿಯಲ್ಲಿ ಪೂರ್ತಿ ಕಟ್ಟಿದ ಲೋಕ, ನಡುವಿನದೆಲ್ಲ ಬೆರಕೆ. ಆ ನಡುವಿನ ಜಾಗಕ್ಕೆ ಹೆಡ್‌ಸೆಟ್ ಇರಲೇಬೇಕು ಅಂತಿಲ್ಲ. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಅನಾವರಣವಾದ 112 ಅಡಿ ಎತ್ತರದ ಆದಿಯೋಗಿ ಪ್ರತಿಮೆಯ ಮೇಲೆ ಸಂಜೆ ಬೆಳಕು ಬೀಳಿಸಿ ತೋರಿಸುತ್ತಾರಲ್ಲ, ಅದೂ ಇದೇ ಜಾತಿಯದು. ಪ್ರತಿಮೆ ನಿಜ, ಅದರ ಮೇಲೆ ಓಡಾಡುವ ಆಕಾರಗಳು ಬೆಳಕು.

ಇದೆಲ್ಲ ನಮಗೆ ಹೊಸದು ಅಂದುಕೊಳ್ಳಬೇಕಿಲ್ಲ. ತೊಗಲುಗೊಂಬೆಯವರು ಒಂದು ಬಿಳಿ ಪಂಚೆ, ಒಂದು ದೀಪ, ಬಣ್ಣ ಹಚ್ಚಿದ ತೊಗಲು ಇಟ್ಟುಕೊಂಡು ಊರಿನ ನಡುವೆ ಲಂಕೆಯನ್ನೇ ನಿಲ್ಲಿಸುತ್ತಿದ್ದರು. ತುಮಕೂರು ಜಿಲ್ಲೆಗಂತೂ ಇದು ಮನೆತನದ ವಿದ್ಯೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಆಮೇಲೆ ಗುಬ್ಬಿ ವೀರಣ್ಣನವರ ಕೈಯಲ್ಲಿ, ಇಡೀ ದಕ್ಷಿಣ ಭಾರತ ಬೆರಗಾಗುವಂಥ ರಂಗ ಕಟ್ಟಿತು. ಕುರುಕ್ಷೇತ್ರಕ್ಕೆ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದರು. ಕಣ್ಣೆದುರೇ ಬದಲಾಗುವ ಪರದೆಗಳು, ಟ್ರಿಕ್ ಸೀನುಗಳು, ಬಣ್ಣಬಣ್ಣದ ಲೈಟು. ನೋಡುವವರನ್ನು ಇನ್ನೊಂದು ಲೋಕದೊಳಗೆ ಕೂರಿಸುವ ಹಟ ಅದು. ಇವತ್ತು ಹೆಡ್‌ಸೆಟ್ ಕಂಪನಿಗಳು ಹೇಳುತ್ತಿರುವುದೂ ಅದೇ ಮಾತು.

ಅದಕ್ಕೂ ಮೊದಲೇ ಪಶ್ಚಿಮದಲ್ಲೂ ಇಂಥ ತಂತ್ರಗಳಿದ್ದವು. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವರು ರಂಗದ ಮುಂದೆ ದೊಡ್ಡ ಗಾಜನ್ನು ಓರೆಯಾಗಿ ನಿಲ್ಲಿಸಿ, ಕೆಳಗೆ ಅಡಗಿ ನಿಂತ ನಟನ ಪ್ರತಿಬಿಂಬವನ್ನು ದೆವ್ವದ ಹಾಗೆ ತೋರಿಸಿದರು. 1996ರಲ್ಲಿ ತೀರಿಕೊಂಡ ರ‍್ಯಾಪರ್ ಟುಪಾಕ್ 2012ರಲ್ಲಿ ಅಮೆರಿಕದ ಕೊಚೆಲಾ ಸಂಗೀತೋತ್ಸವದಲ್ಲಿ ‘ಹಾಡಿದ್ದು’ ಇದೇ ಉಪಾಯದಿಂದ. ಗಾಜಿನ ಬದಲು ತೆಳುವಾದ ಹಾಳೆ, ಅಷ್ಟೇ. 2014ರ ಲೋಕಸಭಾ ಚುನಾವಣೆಯಲ್ಲಿ ಒಂದೇ ಭಾಷಣ ಹತ್ತಾರು ಊರುಗಳಲ್ಲಿ ‘ಹೊಲೊಗ್ರಾಮ್’ ಆಗಿ ಬಂದಿದ್ದು ನೆನಪಿರಬಹುದು. ಹೆಸರು ಹೊಲೊಗ್ರಾಮ್, ಕೆಲಸ ಪೆಪ್ಪರನ ಗಾಜಿನದೇ.

ಈಗ ಜಗತ್ತು ಹೊಗಳುವ ಎರಡು ಉದಾಹರಣೆ ನೋಡೋಣ. ಮೊದಲನೆಯದು ಲಂಡನ್ನಿನ ಅಬ್ಬಾ ವಾಯೇಜ್. 2022ರ ಮೇ 27ಕ್ಕೆ ಶುರುವಾಯಿತು. ಅಬ್ಬಾ ಎಂಬ ಸ್ವೀಡನ್ನಿನ ಪಾಪ್ ತಂಡದ, ಎಪ್ಪತ್ತರ ಆಸುಪಾಸಿನ ನಾಲ್ವರು ಗಾಯಕರು ಮೈಗೆ ಅಂಟಿಕೊಳ್ಳುವ ವಿಶೇಷ ಬಟ್ಟೆ ತೊಟ್ಟು ಐದು ವಾರ 160 ಕ್ಯಾಮೆರಾಗಳ ಮುಂದೆ ಹಾಡಿ ಕುಣಿದರು. ಕಂಪ್ಯೂಟರ್ ಆ ಚಲನೆಯನ್ನೆಲ್ಲ ತೆಗೆದುಕೊಂಡು ಅವರ ಯೌವನದ ದೇಹಗಳಿಗೆ ತೊಡಿಸಿತು. ಸುಮಾರು 3,000 ಜನ ಹಿಡಿಸುವ ರಂಗದಲ್ಲಿ, 6.5 ಕೋಟಿ ಪಿಕ್ಸೆಲ್‌ಗಳ ಪರದೆಯ ಮೇಲೆ ಅವರು ಈಗಲೂ ಹಾಡುತ್ತಾರೆ. ಜೊತೆಗೆ ನಿಜವಾದ ಹತ್ತು ಜನರ ವಾದ್ಯವೃಂದ ಇದೆ. ಎರಡನೆಯದು 2020ರ ಏಪ್ರಿಲ್‌ನಲ್ಲಿ ಫೋರ್ಟ್‌ನೈಟ್ ಆಟದೊಳಗೆ ನಡೆದ ರ‍್ಯಾಪರ್ ಟ್ರಾವಿಸ್ ಸ್ಕಾಟ್ ಅವರ ಪ್ರದರ್ಶನ. ಲಾಕ್‌ಡೌನ್ ದಿನಗಳು. ಮನೆಮನೆಯಲ್ಲಿ ಕೂತ 1.23 ಕೋಟಿ ಜನ ಒಂದೇ ಹೊತ್ತಿಗೆ ಆಟದೊಳಗೆ ಬಂದು ನೋಡಿದರು. ಹತ್ತು ನಿಮಿಷದೊಳಗೆ ಮುಗಿಯಿತು.

ಎರಡೂ ದೊಡ್ಡ ಸಾಧನೆಗಳೇ. ಆದರೆ ಅವುಗಳ ಮುಂದೆ ನಿಂತು ‘ವನ್ಸ್ ಮೋರ್’ ಅಂದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕಂಪ್ಯೂಟರ್ ಕಟ್ಟಿದ ಆ ಅವತಾರಗಳಿಗೆ ಕಿವಿ ಇಲ್ಲ. ಎಲ್ಲ ಮೊದಲೇ ತಯಾರಾದದ್ದು. ಲಂಡನ್ನಿನಲ್ಲಿ ಬದುಕಿರುವ ಹತ್ತು ವಾದಕರು ಪರದೆಯ ಅವತಾರಗಳ ಲಯಕ್ಕೆ ತಮ್ಮ ಕೈ ಹೊಂದಿಸಿಕೊಳ್ಳಬೇಕು. ಅವತಾರ ಅವರಿಗೆ ಹೊಂದಿಕೊಳ್ಳುವುದಿಲ್ಲ. ಪಾಪ್ ಸಂಗೀತಕ್ಕೆ ಇದರಿಂದ ಅಂಥ ನಷ್ಟವಿಲ್ಲ. ಜನ ರೆಕಾರ್ಡಿನಲ್ಲಿ ಕೇಳಿದ್ದನ್ನು ಹಾಗೆಯೇ ಕೇಳಲು ಬಂದಿರುತ್ತಾರೆ. ನಮ್ಮ ಪೌರಾಣಿಕ ನಾಟಕದಲ್ಲಿ ಕಂದಪದ್ಯ ಎತ್ತಿದವರು ಎಲ್ಲಿ ನಿಲ್ಲುತ್ತಾರೆ ಅಂತ ಅವರಿಗೇ ಮೊದಲು ಗೊತ್ತಿರುವುದಿಲ್ಲ. ಎದುರಿನ ಜನ ಉಸಿರು ಬಿಗಿ ಹಿಡಿದರೆ ಅವರು ಇನ್ನಷ್ಟು ಎಳೆಯುತ್ತಾರೆ. ಯಾರೋ ಎದ್ದು ಬಂದು ಅಂಗಿಗೆ ನೋಟು ಸಿಕ್ಕಿಸಿದರೆ ಪಲ್ಲವಿಯನ್ನು ಮತ್ತೊಮ್ಮೆ ಎತ್ತುತ್ತಾರೆ. ನಾಟಕದ ಅರ್ಧ ಜೀವ ಇರುವುದೇ ಆ ಕೊಡು-ಕೊಳ್ಳುವಿಕೆಯಲ್ಲಿ, ಅಲ್ವಾ?

ಹಾಗಾದರೆ ಇದು ತಂತ್ರಜ್ಞಾನದ ಮಿತಿಯಾ? ಅಲ್ಲ. ವಿಡಿಯೊ ಅನ್ನುವುದು ಮುಗಿದ ವಸ್ತು. ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಎಲ್ಲ ತಯಾರಾಗಿ ಕೂತಿರುತ್ತದೆ, ಒತ್ತಿದರೆ ಓಡುತ್ತದೆ. ಗೇಮ್ ಎಂಜಿನ್ ಅನ್ನುವುದು ಬೇರೆ. ಮಕ್ಕಳು ಮೊಬೈಲಿನಲ್ಲಿ ಆಡುವ ಆಟ ನೋಡಿ. ಅವರು ಕಾರು ನಿಲ್ಲಿಸಿದರೆ ರಸ್ತೆ ನಿಲ್ಲುತ್ತದೆ, ತಿರುಗಿಸಿದರೆ ತಿರುಗುತ್ತದೆ. ಅಲ್ಲಿ ಚಿತ್ರ ಮೊದಲೇ ಇರುವುದಿಲ್ಲ. ಸೆಕೆಂಡಿಗೆ 60 ಸಲ, 90 ಸಲ ಆಗಿಂದಾಗ್ಗೆ ಹುಟ್ಟುತ್ತದೆ. ಅನ್‌ರಿಯಲ್, ಯೂನಿಟಿ ಎಂಬ ಇಂಥ ಎಂಜಿನ್‌ಗಳನ್ನು ಕಲಿಯುವವರು ಉಚಿತವಾಗಿ ಇಳಿಸಿಕೊಳ್ಳಬಹುದು. ಇವುಗಳಲ್ಲಿ ವಿಶ್ವರೂಪ ಕಟ್ಟಿದರೆ ಕೃಷ್ಣ ಹಾಡುವಷ್ಟು ಹೊತ್ತು ಗ್ರಹಗಳು ಸುತ್ತುತ್ತಲೇ ಇರುತ್ತವೆ. ಮೈಕಿನಿಂದ ದನಿಯ ಏರಿಳಿತ ತೆಗೆದುಕೊಂಡು, ಸ್ವರ ಮೇಲೆ ಹೋದಂತೆ ಬೆಂಕಿ ಮೇಲೆ ಹೋಗುವ ಹಾಗೂ ಮಾಡಬಹುದು. ಕಷ್ಟದ ಕೆಲಸವೇನಲ್ಲ, ಮಾಡುವವರು ನಾಟಕ ನೋಡಿರಬೇಕು ಅಷ್ಟೇ.

ಇನ್ನೂ ಒಂದು ಮಾತು. ಈ ವಿದ್ಯೆಯ ಶುರುವಿನಲ್ಲಿ ಪ್ರದರ್ಶನ ಜೀವಂತವಾಗಿಯೇ ಇತ್ತು. ‘ವರ್ಚುವಲ್ ರಿಯಾಲಿಟಿ’ ಎಂಬ ಮಾತನ್ನು ಜನರ ಬಾಯಿಗೆ ತಂದ ಜಾರನ್ ಲೇನಿಯರ್ ಸ್ವತಃ ಸಂಗೀತಗಾರ. 1992ರಲ್ಲಿ ಅವರು ಹೆಡ್‌ಸೆಟ್ ಕಟ್ಟಿ, ಕೈಗೆ ಸೆನ್ಸರ್ ಗ್ಲೌಸ್ ತೊಟ್ಟು, ಇಲ್ಲದ ವಾದ್ಯಗಳನ್ನು ಜನರೆದುರು ಅಲ್ಲೇ ನುಡಿಸಿದರು. ಕೈ ಆಡಿದಂತೆ ನಾದ. ನಿಂತರೆ ಮೌನ. ಆಮೇಲೆ ದುಡ್ಡು, ಜನಜಂಗುಳಿ ಹೆಚ್ಚಾದಂತೆ ಎಲ್ಲ ಮೊದಲೇ ತಯಾರಾಗಿ ಬರತೊಡಗಿತು.

ಈಗ ನಾಟಕದಿಂದ ತಮಟೆಗೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ತಮಟೆಯ ಪರಿಚಯ ಹೇಳಬೇಕಾಗಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ಕಡೆಯ ಎಷ್ಟೋ ಊರುಗಳಲ್ಲಿ ಹಬ್ಬದ ಸಂತೋಷ ಇತ್ತು. ಒಂದು ಕಾಲದಲ್ಲಿ ಸಾವಿನ ಮನೆ ಮುಂದೆ ಬಡಿಯಲೇಬೇಕೆಂದು ಒಂದು ಸಮುದಾಯದ ಹೆಗಲಿಗೆ ಕಟ್ಟಿದ್ದ ವಾದ್ಯ ಅದು. ಅದನ್ನು ಬೇಡ ಎಂದವರೂ ಇದೇ ನೆಲದವರು, ನಮ್ಮ ಹೆಮ್ಮೆ ಎಂದು ಎತ್ತಿ ಹಿಡಿದವರೂ ಇದೇ ನೆಲದವರು.

ಒಮ್ಮೆ ಶಿಡ್ಲಘಟ್ಟ ಕಡೆಯ ಜಾತ್ರೆಯಲ್ಲಿ ತಮಟೆಯವರ ಹತ್ತಿರ ನಿಂತಿದ್ದೆ. ಬಡಿಯುವ ಮೊದಲು ಹುಲ್ಲು ಗುಡ್ಡೆ ಹಾಕಿ ಬೆಂಕಿ ಹಚ್ಚಿದರು. ಒಬ್ಬೊಬ್ಬರೇ ತಮಟೆಯನ್ನು ಬೆಂಕಿಯ ಮೇಲೆ ಹಿಡಿದು, ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿದರು. ಮೊದಲು ದಬ್ ದಬ್ ಅನ್ನುತ್ತಿದ್ದ ಚರ್ಮ ಕಾಯುತ್ತಾ ಕಾಯುತ್ತಾ ಟಣ್ ಅನ್ನತೊಡಗಿತು. ರಾತ್ರಿಯ ತೇವಕ್ಕೆ ಚರ್ಮ ಸಡಿಲ ಬೀಳುತ್ತದೆ, ಬಿಸಿಗೆ ಬಿಗಿಯುತ್ತದೆ. ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಶುರುವಾದ ಮೇಲೆ ಅದು ಕಿವಿಯಲ್ಲಿ ಕೇಳುವ ಸದ್ದಾಗಿರಲಿಲ್ಲ. ಎದೆಗೂಡು ನಡುಗುತ್ತಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮನೆಗೆ ಬಂದು ಹಾಕಿದರೆ ಎಣ್ಣೆ ಡಬ್ಬ ಬಡಿದ ಹಾಗೆ ಕೇಳಿಸಿತು. ನನಗೆ ನಿಜವಾಗಿಯೂ ದುಃಖವಾಯಿತು.

ಕಾರಣ ಸರಳ. ಫೋನು ಇರುವುದು ಮಾತು ಹಿಡಿಯಲು. ಜೋರು ಸದ್ದು ಬಂದ ಕೂಡಲೇ ಅದು ತಾನಾಗಿಯೇ ದನಿ ತಗ್ಗಿಸುತ್ತದೆ. ಸಣ್ಣ ಸದ್ದು ಬಂದರೆ ಏರಿಸುತ್ತದೆ. ತಮಟೆಯ ಪೆಟ್ಟಿನ ಏರಿಳಿತವೆಲ್ಲ ಚಪ್ಪಟೆಯಾಗುತ್ತದೆ. ಜೊತೆಗೆ ಎಡಗಡೆಯವರು ಹಾಕಿದ ಪೆಟ್ಟು, ಬಲಗಡೆಯವರು ಕೊಟ್ಟ ಉತ್ತರ, ಹಿಂದಿನಿಂದ ಬಂದ ಕೂಗು ಎಲ್ಲ ಒಂದೇ ಚುಕ್ಕಿಯಲ್ಲಿ ಮುದ್ದೆಯಾಗುತ್ತವೆ. ಸರ್ಕಾರಿ ಉತ್ಸವಗಳ ವೇದಿಕೆಯೂ ಇಷ್ಟೇ ನಷ್ಟ ಮಾಡಿದೆ. ವೃತ್ತದಲ್ಲಿ ಕುಣಿಯುವವರನ್ನು ಸಾಲಾಗಿ ನಿಲ್ಲಿಸಿ, ಹತ್ತು ನಿಮಿಷ ಕೊಟ್ಟು, ಎದುರಿಗೆ ಕುರ್ಚಿ ಹಾಕಿದೆ. ಟಿವಿ ಬಂದಾಗ ಆ ವೇದಿಕೆಯನ್ನೂ ಒಂದು ಚೌಕಟ್ಟಿಗೆ ಇಳಿಸಿತು.

ಇಲ್ಲೇ ನನಗೆ ವರ್ಚುವಲ್ ರಿಯಾಲಿಟಿಯ ಮೇಲೆ ಆಸೆ ಹುಟ್ಟುವುದು. 360 ಡಿಗ್ರಿ ಕ್ಯಾಮೆರಾಕ್ಕೆ ಮುಂದೆ ಹಿಂದೆ ಅಂತಿಲ್ಲ. ಅದನ್ನು ವೃತ್ತದ ನಡುವೆ ನಿಲ್ಲಿಸಿದರೆ ನೋಡುವವರೂ ವೃತ್ತದ ನಡುವೆಯೇ ನಿಲ್ಲುತ್ತಾರೆ. ಸದ್ದಿಗೂ ಉಪಾಯ ಇದೆ. 1970ರ ದಶಕದಲ್ಲಿ ಇಂಗ್ಲೆಂಡಿನ ಮೈಕಲ್ ಗೆರ್ಜನ್ ರೂಪಿಸಿದ ಆಂಬಿಸಾನಿಕ್ಸ್ ಎಂಬ ವಿಧಾನ. ಒಂದೇ ಮೈಕಿನಲ್ಲಿ ನಾಲ್ಕು ಕಿವಿಗಳು ನಾಲ್ಕು ದಿಕ್ಕಿಗೆ ಮುಖ ಮಾಡಿರುತ್ತವೆ. ಸದ್ದಿನ ಜೊತೆಗೆ ಅದು ಬಂದ ದಿಕ್ಕೂ ಉಳಿಯುತ್ತದೆ. ಹೆಡ್‌ಸೆಟ್ ಕಟ್ಟಿದವರು ತಲೆ ಎಡಕ್ಕೆ ತಿರುಗಿಸಿದರೆ ಎಡಗಡೆ ಇದ್ದ ತಮಟೆ ಎದುರಿಗೆ ಬರುತ್ತದೆ. ತಮಟೆಯ ಜೋರಿಗೆ ಮೈಕಿನಲ್ಲಿ ಸದ್ದು ಒಡೆಯದ ಹಾಗೆ ಮಟ್ಟವನ್ನು ಕೈಯಲ್ಲಿ ಇಳಿಸಿಟ್ಟುಕೊಳ್ಳಬೇಕು. ಕ್ಯಾಮೆರಾಕ್ಕೆ ಒಂದು ಮೀಟರಿಗಿಂತ ಹತ್ತಿರ ಯಾರೂ ಬರದ ಹಾಗೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಎರಡು ಲೆನ್ಸಿನ ಚಿತ್ರ ಸೇರುವ ಹೊಲಿಗೆಯಲ್ಲಿ ಕೈಯೋ ಮುಖವೋ ಮುರಿದು ಕಾಣುತ್ತದೆ. ಇವೆಲ್ಲ ಅಲ್ಲೇ ನಿಂತು ಕಲಿಯುವ ಸಣ್ಣ ಜಾಣ್ಮೆಗಳು. ಎದೆ ನಡುಗಿಸುವ ಆ ಕೆಳಗಿನ ಸದ್ದನ್ನು ಮಾತ್ರ ಯಾವ ಹೆಡ್‌ಫೋನೂ ಕೊಡಲಾರದು. ಅದಕ್ಕೆ ದೊಡ್ಡ ಸ್ಪೀಕರೇ ಬೇಕು.

ಶಿರಾ ಕಡೆಯ ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸುವ ಗಣೆಗೆ ಇದಕ್ಕೆ ಪೂರ್ತಿ ಉಲ್ಟಾ ಲೆಕ್ಕ. ಉದ್ದನೆಯ ಬಿದಿರಿನ ಕೊಳಲು ಅದು. ನಾದದಷ್ಟೇ ಉಸಿರೂ ಕೇಳಿಸಬೇಕು. ಅಲ್ಲಿ ಮೈಕ್ ತುಂಬ ಹತ್ತಿರ ಇರಬೇಕು, ಸುತ್ತ ಮೌನ ಇರಬೇಕು. ಗಣೆ ನುಡಿಸುವವರು ಈಗ ಕೆಲವರೇ ಉಳಿದಿದ್ದಾರೆ. ಈ ಕೆಲಸ ಮೊದಲು ಆಗಬೇಕಾದ್ದು ಅಲ್ಲೇ.

ದೂರದೂರದಲ್ಲಿ ಇರುವವರು ಒಟ್ಟಿಗೆ ನುಡಿಸಬಹುದಾ ಎಂದು ಜಾಸ್ತಿ ಜನ ಕೇಳುತ್ತಾರೆ. ತುಮಕೂರಿನಲ್ಲಿ ಹಾರ್ಮೋನಿಯಂ, ಕೋಲಾರದಲ್ಲಿ ತಬಲಾ, ಇಬ್ಬರೂ ಒಂದೇ ವರ್ಚುವಲ್ ಕೋಣೆಯಲ್ಲಿ. ಲೆಕ್ಕ ಹಾಕಿ ನೋಡೋಣ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಹತ್ತು ಮೀಟರ್ ದೂರ ನಿಂತವರ ಪೆಟ್ಟು ನಮಗೆ ತಲುಪಲು 29 ಮಿಲಿಸೆಕೆಂಡ್ ಬೇಕು. ಸುಮಾರು 25, 30 ಮಿಲಿಸೆಕೆಂಡ್ ದಾಟಿದರೆ ತಾಳ ಎಳೆಯತೊಡಗುತ್ತದೆ. ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾರೆ, ಅವರು ಇವರಿಗಾಗಿ ಕಾಯುತ್ತಾರೆ. ತುಮಕೂರಿನಿಂದ ಬೆಂಗಳೂರು ಹಾದು ಕೋಲಾರಕ್ಕೆ ಸುಮಾರು 140 ಕಿಲೋಮೀಟರ್. ಫೈಬರ್ ಕೇಬಲ್ಲಿನಲ್ಲಿ ಬೆಳಕು ಇದನ್ನು ಒಂದು ಮಿಲಿಸೆಕೆಂಡಿಗಿಂತ ಕಡಿಮೆಯಲ್ಲಿ ದಾಟುತ್ತದೆ. ಅಂದರೆ ದೂರ ತೊಂದರೆಯೇ ಅಲ್ಲ. ತೊಂದರೆ ಇರುವುದು ಎರಡು ತುದಿಗಳಲ್ಲಿ. ವೈಫೈ, ಫೋನಿನೊಳಗಿನ ಸಂಸ್ಕರಣೆ, ವಿಡಿಯೊ ಕರೆಯ ಆ್ಯಪ್. ಬ್ಲೂಟೂತ್ ಇಯರ್‌ಫೋನ್ ಒಂದೇ ಎಷ್ಟೋ ಸಲ 100 ಮಿಲಿಸೆಕೆಂಡ್ ತಿನ್ನುತ್ತದೆ. ವಯರಿನ ಇಂಟರ್ನೆಟ್, ವಯರಿನ ಹೆಡ್‌ಫೋನ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಜ್ಯಾಕ್‌ಟ್ರಿಪ್‌ನಂಥ ಉಚಿತ ಸಾಫ್ಟ್‌ವೇರ್ ಇದ್ದರೆ ಜೊತೆಯಾಗಿ ನುಡಿಸುವುದು ಸಾಧ್ಯ. ಮೊಬೈಲ್ ಡೇಟಾದಲ್ಲಿ ಸಾಧ್ಯವಿಲ್ಲ.

ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರದಲ್ಲಿ ಗುರುಪೂರ್ಣಿಮೆಯ ಹೊತ್ತಿಗೆ 72 ಗಂಟೆ ಬಿಡದೆ ಸಂಗೀತ ನಡೆಯುತ್ತದೆ. ನಾರೇಯಣ ತಾತಯ್ಯನವರ ತತ್ವಪದಗಳನ್ನು ತೆಲುಗಿನಲ್ಲೂ ಕನ್ನಡದಲ್ಲೂ ಊರೂರಿನ ಭಜನೆ ತಂಡಗಳು ಹಾಡುತ್ತವೆ. ಭಜನೆಯಲ್ಲಿ ಸುಮ್ನೆ ಕೇಳುವವರು ಅಂತ ಯಾರೂ ಇಲ್ಲ. ಒಬ್ಬರು ಸೊಲ್ಲು ಕೊಟ್ಟರೆ ಉಳಿದವರು ಎತ್ತಿಕೊಳ್ಳಬೇಕು. ಇದನ್ನು ಹೆಡ್‌ಸೆಟ್ಟಿನಲ್ಲಿ ತೋರಿಸಿದರೆ ನೋಡುವವರ ಬಾಯಿ ಮುಚ್ಚಿಸಿದ ಹಾಗೆ. ಇಂದಿನ ಹೆಡ್‌ಸೆಟ್‌ಗಳಲ್ಲಿ ಜನಪ್ರಿಯವಾದ ಕ್ವೆಸ್ಟ್ 3 ಅರ್ಧ ಕಿಲೋಗಿಂತ ತುಸು ಜಾಸ್ತಿ ತೂಗುತ್ತದೆ, ಬ್ಯಾಟರಿ ಎರಡು ಗಂಟೆ ಬರುತ್ತದೆ. ರಾತ್ರಿಯಿಡೀ ನಡೆಯುವ ನಾಟಕಕ್ಕೂ ಮೂರು ದಿನದ ಸಂಗೀತಕ್ಕೂ ಅದು ಆಗುವ ಮಾತಲ್ಲ. ಜನ ಒಟ್ಟು ಸೇರುವ ಜಾಗಕ್ಕೆ ಪರಸ್ಪರ ಮುಖ ಕಾಣುವ ಮಿಕ್ಸೆಡ್ ರಿಯಾಲಿಟಿ, ಅಂದರೆ ಪರದೆ, ಬೆಳಕು, ಪ್ರೊಜೆಕ್ಷನ್, ಸರಿ. ಹೋಗಲಾಗದ ಜಾಗಕ್ಕೆ ವರ್ಚುವಲ್ ರಿಯಾಲಿಟಿ ಸರಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳ. 2001ರಲ್ಲಿ ಮುಚ್ಚಿತು. ಅಲ್ಲಿಗೆ ಇನ್ನು ಯಾರೂ ಇಳಿಯಲಾರರು. ಅಲ್ಲಿ ದುಡಿದವರ ನೆನಪಿನಿಂದ, ಅವರ ಹಾಡುಗಳಿಂದ ಆ ಕತ್ತಲೆಯನ್ನು ಮತ್ತೆ ಕಟ್ಟಿದರೆ ಅದಕ್ಕೆ ಹೆಡ್‌ಸೆಟ್ ಸಾರ್ಥಕ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ನಡೆಸಿಕೊಂಡು ಬಂದ ಹುಣ್ಣಿಮೆ ಹಾಡಿನಂಥದ್ದಕ್ಕೆ ಮಾತ್ರ ಬಸ್ಸು ಹತ್ತಿ ಹೋಗಿಬಿಡುವುದೇ ಒಳ್ಳೆಯದು. ಬೆಳದಿಂಗಳನ್ನು ಹಿಡಿಯುವಷ್ಟು ದೊಡ್ಡ ಸೆನ್ಸರ್ ಈ ಸಣ್ಣ ಕ್ಯಾಮೆರಾಗಳಲ್ಲಿ ಇಲ್ಲ. ಬೆಟ್ಟದ ಚಳಿಯೂ ಅದರಲ್ಲಿ ಬರುವುದಿಲ್ಲ.

ಇನ್ನು ನನಗೆ ನಿದ್ದೆ ಕೆಡಿಸುವ ವಿಷಯ. ಕುಣಿಯುವವರ ಚಲನೆ ಯಾರದು?

ಅಬ್ಬಾ ಗಾಯಕರಿಗೆ ವಕೀಲರಿದ್ದರು, ಒಪ್ಪಂದ ಇತ್ತು, ಪಾಲು ಇತ್ತು. ನಮ್ಮ ಕಡೆ ಸೋಮನ ಕುಣಿತದವರನ್ನೋ ಕೀಲುಕುದುರೆಯವರನ್ನೋ ಒಂದು ದಿನ ಕರೆದು, ಮೈಗೆ ಸೆನ್ಸರ್ ಅಂಟಿಸಿ, ಕುಣಿಸಿ, ಶಾಲು ಹೊದಿಸಿ, ಬಸ್ ಚಾರ್ಜ್ ಕೊಟ್ಟು ಕಳಿಸಿದರೆ? ಆ ಒಂದು ದಿನದ ಚಲನೆ ಕಂಪ್ಯೂಟರಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ನಾಳೆ ಅದನ್ನು ಯಾವ ಗೊಂಬೆಗೆ ಬೇಕಾದರೂ ತೊಡಿಸಬಹುದು, ಯಾವ ಆಟದಲ್ಲಿ ಬೇಕಾದರೂ ಮಾರಬಹುದು. ಈಗ ಸೆನ್ಸರ್ ಕೂಡ ಬೇಕಿಲ್ಲ. ಗೂಗಲ್‌ನ ಮೀಡಿಯಾಪೈಪ್ ಎಂಬ ಉಚಿತ ಸಾಧನ ಬರೀ ವಿಡಿಯೊ ನೋಡಿ ದೇಹದ 33 ಬಿಂದುಗಳ ಚಲನೆಯನ್ನು ಎತ್ತಿಕೊಡುತ್ತದೆ. ಯೂಟ್ಯೂಬಿಗೆ ಯಾರೋ ಹಾಕಿದ ಜಾತ್ರೆಯ ವಿಡಿಯೊ ಸಾಕು.

ಕಾನೂನು ಏನೂ ಇಲ್ಲ ಎಂದಲ್ಲ. ನಮ್ಮ ಕಾಪಿರೈಟ್ ಕಾಯ್ದೆ ಪ್ರದರ್ಶಕರಿಗೆ ಪ್ರತ್ಯೇಕ ಹಕ್ಕು ಕೊಟ್ಟಿದೆ. ಪ್ರದರ್ಶಕರು ಅಂದರೆ ಯಾರು ಎಂಬ ಪಟ್ಟಿಯಲ್ಲಿ ಗಾಯಕರು, ವಾದಕರು, ನರ್ತಕರ ಜೊತೆಗೆ ದೊಂಬರಾಟದವರು, ಜಾದೂಗಾರರು, ಹಾವಾಡಿಗರೂ ಇದ್ದಾರೆ. ಆ ಪಟ್ಟಿ ಬರೆದವರು ನಮ್ಮ ಸಂತೆ ಜಾತ್ರೆಗಳನ್ನು ಕಂಡಿದ್ದರು ಅನ್ನಿಸುತ್ತದೆ. ಹಕ್ಕಿನ ಅವಧಿ 50 ವರ್ಷ. 2012ರ ತಿದ್ದುಪಡಿ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ, ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ರಾಯಲ್ಟಿ ಪಡೆಯುವ ಹಕ್ಕನ್ನೂ ಸೇರಿಸಿತು. ಆದರೆ ದೇಹದ ಚಲನೆಯ ಡೇಟಾ ಎಂಬ ಮಾತು ಅದರಲ್ಲಿ ಇಲ್ಲ. ಇಡೀ ಸಮುದಾಯಕ್ಕೆ ಸೇರಿದ ಹೆಜ್ಜೆಗೆ, ಬಡಿತಕ್ಕೆ ಒಡೆಯ ಯಾರು ಎಂಬುದಕ್ಕೂ ಅದರಲ್ಲಿ ಉತ್ತರ ಇಲ್ಲ. ಅಮೆರಿಕದಲ್ಲಿ ಈ ಜಗಳ ಕೋರ್ಟು ಹತ್ತಿದೆ. ತಾವು ಸಂಯೋಜಿಸಿದ ನೃತ್ಯದ ತುಣುಕನ್ನು ಫೋರ್ಟ್‌ನೈಟ್ ಆಟದಲ್ಲಿ ಮಾರಾಟಕ್ಕಿಟ್ಟರು ಎಂದು ಕೈಲ್ ಹನಗಾಮಿ ಎಂಬ ನೃತ್ಯ ಸಂಯೋಜಕರು ಕೇಸು ಹಾಕಿದರು. ಕೆಳಗಿನ ಕೋರ್ಟು ತಳ್ಳಿಹಾಕಿತು. 2023ರ ನವೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಅದಕ್ಕೆ ಮತ್ತೆ ಜೀವ ಕೊಟ್ಟಿತು. ಅವರ ಕೈಯಲ್ಲಿ ನೋಂದಾಯಿಸಿದ ಕಾಪಿರೈಟ್ ಇತ್ತು. ನಮ್ಮ ಸೋಮನ ಕುಣಿತ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ?

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ರೆಕಾರ್ಡ್ ಮಾಡುವ ದಿನವೇ ಒಂದು ಹಾಳೆಯಲ್ಲಿ, ಅಚ್ಚ ಕನ್ನಡದಲ್ಲಿ, ಗಡಿ ಕಡೆಯವರಿಗೆ ಬೇಕಾದರೆ ತೆಲುಗಿನಲ್ಲಿ ಬರೆದುಕೊಳ್ಳಬಹುದು. ಈ ಚಲನೆ ಎಲ್ಲಿ ಬಳಕೆಯಾಗುತ್ತದೆ, ಇನ್ನೊಂದು ಕಡೆ ಬಳಸಬೇಕಾದರೆ ಮತ್ತೆ ಕೇಳುತ್ತೇವೆ, ದುಡ್ಡು ಬಂದರೆ ಇಷ್ಟು ಪಾಲು, ಒಂದು ಪ್ರತಿ ನಿಮ್ಮ ತಂಡದ ಹತ್ತಿರ ಇರುತ್ತದೆ. ಓದಲು ಬಾರದವರಿಗೆ ಓದಿ ಹೇಳಿ, ಅವರು ಹೂಂ ಅಂದದ್ದನ್ನೂ ರೆಕಾರ್ಡ್ ಮಾಡಬೇಕು. ಬೇಡ ಅಂದರೆ ಕ್ಯಾಮೆರಾ ಮುಚ್ಚಬೇಕು. ಕರಗ ಉತ್ಸವದಂಥ ಆಚರಣೆಗಳಲ್ಲಿ ಹೊರಗಿನವರು ನೋಡಬಾರದ ಘಳಿಗೆಗಳಿವೆ. ತಲೆಯ ಸುತ್ತ ಎಲ್ಲ ದಿಕ್ಕನ್ನೂ ನೋಡುವ ಕ್ಯಾಮೆರಾಕ್ಕೆ ಆ ಮರ್ಯಾದೆ ತಾನಾಗಿ ಗೊತ್ತಿರುವುದಿಲ್ಲ.

ರಾಜ್ಯ ಸರ್ಕಾರ 2012ರಲ್ಲೇ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೊಂದು ನೀತಿ ತಂದಿತ್ತು. 2024ರ ಜನವರಿಯಲ್ಲಿ ಬಂದ 2024-29ರ ನೀತಿಯ ಹೆಸರಿನಲ್ಲೇ ವಿಸ್ತೃತ ರಿಯಾಲಿಟಿಯೂ, ಅಂದರೆ ವರ್ಚುವಲ್, ಮಿಕ್ಸೆಡ್ ಎಲ್ಲವೂ, ಸೇರಿದೆ. ಅದರ ಗಮನ ಉದ್ಯೋಗ, ಉದ್ಯಮದ ಮೇಲೆ. ಅದು ಬೇಕಾದದ್ದೇ. ಆದರೆ ಬೆಂಗಳೂರಿನ ಸ್ಟುಡಿಯೊಗಳಿಂದ ತುಮಕೂರಿಗೂ ಚಿಕ್ಕಬಳ್ಳಾಪುರಕ್ಕೂ ಒಂದೆರಡು ಗಂಟೆ ದಾರಿ. ಅಲ್ಲಿ ಈ ವಿದ್ಯೆ ಕಲಿತ ನಮ್ಮ ಊರಿನ ಹುಡುಗ ಹುಡುಗಿಯರೇ ಸಾಕಷ್ಟು ಜನ ಇದ್ದಾರೆ. ಅವರು ವರ್ಷಕ್ಕೊಮ್ಮೆ ಊರ ಹಬ್ಬಕ್ಕೆ ಬರುತ್ತಾರೆ, ನಾಟಕ ನೋಡುತ್ತಾರೆ, ಸೋಮವಾರ ವಾಪಸ್ ಹೋಗುತ್ತಾರೆ. ಅವರು ಮತ್ತು ಹಾರ್ಮೋನಿಯಂ ಮೇಷ್ಟ್ರು ಒಂದು ಭಾನುವಾರ ಎದುರುಬದುರು ಕೂತರೆ ಆಗುವಷ್ಟು ಕೆಲಸ ಯಾವ ಯೋಜನೆಯಿಂದಲೂ ಆಗದು ಎಂದು ನಾನು ನಂಬುತ್ತೇನೆ.

ಒಂದು ಭಾನುವಾರ ಹಾಗೆ ಕೂತೆವು. ಆ ಕುರುಕ್ಷೇತ್ರದ ಮೇಷ್ಟ್ರ ಮನೆಗೆ ಗೇಮ್ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಸಂಬಂಧಿಕರ ಹುಡುಗನನ್ನು ಕರೆದುಕೊಂಡು ಹೋಗಿದ್ದೆ. ಅವನು ಲ್ಯಾಪ್‌ಟಾಪ್ ತೆರೆದು ಸುತ್ತುವ ಗ್ರಹಗಳನ್ನು ತೋರಿಸಿದ. ಒಂದು ಕಾಲು ಪೆಡಲ್ ಜೋಡಿಸಿದ. ಗಿಟಾರಿನವರು ಪುಟ ತಿರುಗಿಸಲು ಬಳಸುವಂಥದ್ದು, ಕಂಪ್ಯೂಟರಿಗೆ ಕೀಬೋರ್ಡಿನ ಒಂದು ಕೀ ಇದ್ದ ಹಾಗೆ. ಮೇಷ್ಟ್ರ ಎಡಗೈ ತಿದಿಯ ಮೇಲೆ, ಬಲಗೈ ಮನೆಗಳ ಮೇಲೆ. ಕಾಲು ಖಾಲಿ. ಒಮ್ಮೆ ಒತ್ತಿದರೆ ಬೆಂಕಿ ಏಳುತ್ತದೆ, ಇನ್ನೊಮ್ಮೆ ಒತ್ತಿದರೆ ಮುಂದಿನ ಸೀನ್. ನಾಲ್ಕು ಸಲ ಒತ್ತಿ ನೋಡಿದರು. ಆಮೇಲೆ ಪದವನ್ನು ಅವರೇ ಮೆಲ್ಲಗೆ ಗುನುಗುತ್ತಾ ನುಡಿಸಿದರು. ಪಲ್ಲವಿ ಮುಗಿಯಿತು. ಪೆಡಲ್ ಮೇಲಿಂದ ಕಾಲು ತೆಗೆದು, ಪರದೆ ನೋಡುತ್ತಾ ಕೂತರು. ಗ್ರಹಗಳು ಸುತ್ತುತ್ತಲೇ ಇದ್ದವು.

‘ಹಿಂದಕ್ಕೆ ಹೋಗೋದಕ್ಕೆ ಯಾವುದು ಒತ್ತಬೇಕಪ್ಪಾ?’ ಅಂದರು. ‘ಜನ ಕೇಳ್ತಾರೆ.’